ಡಾ. ಹೆರ್ಮನ್ ಮೋಗ್ಲಿಂಗರು ಮತ್ತು ನಮ್ಮ ಕೊಡಗು

ದಾನಿಗಳು ಇತ್ತ ದತ್ತಿಯಿಂದ ಪದಕ, ಉಪನ್ಯಾಸ, ವಿದ್ಯಾರ್ಥಿವೇತನಗಳನ್ನು ಏರ್ಪಡಿಸುವುದು, ಹಳ್ಳಿಗಳಲ್ಲಿ ಶಿಬಿರ ನಡೆಸುವುದು, ಪುಸ್ತಕಗಳನ್ನು ಪ್ರಕಟಿಸುವುದು, ಇವೆಲ್ಲ ವಿಶ್ವವಿದ್ಯಾನಿಲಯದ ಕೆಲಸಗಳೆಂದು ನಾವು ತಿಳಿದಿದ್ದೇವೆ. ನಮ್ಮ ದೇಶದಲ್ಲಿ ಕಲ್ಕತ್ತ, ಮುಂಬಯಿ ಮತ್ತು ಮದರಾಸು ವಿಶ್ವವಿದ್ಯಾನಿಲಯಗಳು ಹುಟ್ಟಿದುದೇ 1857ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾದುದು 1916ರಲ್ಲಿ. ಅವುಗಳಲ್ಲಿ ಒಂದೂ ಇಲ್ಲದಿದ್ದ ಕಾಲದಲ್ಲಿ, ಪರದೇಶದ ವಿಶ್ವವಿದ್ಯಾನಿಲಯವೊಂದರಲ್ಲಿ ಓದಿದ ಪಂಡಿತರೊಬ್ಬರು, ಸ್ನೇಹಿತರು ಕೊಟ್ಟ ಹಣವನ್ನು ನಂಬಿಕೊಂಡು ಘಟ್ಟ ಹತ್ತಿ ಕೊಡಗಿಗೆ ಬಂದರು. ಒಬ್ಬರು ಕೊಟ್ಟ ಹಣದಿಂದ ಇನ್ನೊಬ್ಬರ ಊರಿನಲ್ಲಿ ಕೆಲಸ ಮಾಡುವವನು ಯಾರಿಗೆ ಋಣಿ? ಕೊಟ್ಟವರಿಗೋ, ಊರಿನವರಿಗೋ? ಹೆರ್ಮನ್ ಮೋಗ್ಲಿಂಗರ ಜೀವನವನ್ನು ಓದುವಾಗ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ.

ಹೆರ್ಮನ್ ಫ್ರೀಡ್ರಿಕ್ ಮೋಗ್ಲಿಂಗರು ಜನಿಸಿದುದು 1811ನೆಯ ಇಸವಿಯ ಮೇ 29ರಂದು, ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತದ ಬ್ರಾಕನ್‌ಹೈಮ್ ಎಂಬ ಪಟ್ಟಣದಲ್ಲಿ. ಟ್ಯೂಬಿಂಗನ್ ವಿಶ್ವವಿದ್ಯಾನಿಲಯದಲ್ಲಿ ದೇವತಾಶಾಸ್ತ್ರವನ್ನು ವ್ಯಾಸಂಗ ಮಾಡಿದರು. ಮುಂದೆ ಮಲಯಾಳ ಭಾಷೆಗೆ ನಿಘಂಟನ್ನೂ ವ್ಯಾಕರಣವನ್ನೂ ಬರೆದುಕೊಟ್ಟ ಹೆರ್ಮನ್ ಗುಂಡರ್ಟರು ಅಲ್ಲಿ ಅವರ ಸ್ನೇಹಿತರು. ಓದು ಮುಗಿಸಿದವರಿಗೆ ತಾಯ್ನಾಡಿನಲ್ಲೇ ಒಂದು ಇಗರ್ಜಿಯ ಆಡಳಿತ, ಒಂದು ಮನೆ, ಒಂದು ಕೈತೋಟ ಕಾದಿದ್ದವು. ಮೋಗ್ಲಿಂಗರು ಅದನ್ನು ಬಯಸಲಿಲ್ಲ. ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಶನ್ ಸಂಸ್ಥೆಯನ್ನು ಸೇರಿ 1836ರಲ್ಲಿ ಮಂಗಳೂರಿಗೆ ಬಂದರು. ಆ ಸಂಸ್ಥೆಯವರು ಮಂಗಳೂರಿನಲ್ಲಿ ಕಾಲೂರಿ ಆಗ ಎರಡೇ ವರ್ಷ ಆಗಿತ್ತು.

ಬಾಸೆಲ್ ಮಿಶನ್ನಿನ ಹಣ ಎಲ್ಲಿಂದ ಬರುತ್ತಿತ್ತೆಂಬುದನ್ನು ಇಲ್ಲಿ ಹೇಳಬೇಕು. ಅದು ಯಾವ ಸರ್ಕಾರದ ಬೊಕ್ಕಸದ್ದೂ ಅಲ್ಲ. ಸ್ವಿಟ್ಜರ್‌ಲೆಂಡ್ ಮತ್ತು ದಕ್ಷಿಣ ಜರ್ಮನಿಯ ಭಕ್ತರು ಕೊಡುತ್ತಿದ್ದ ಕಾಣಿಕೆಯೇ ಅದಕ್ಕೆ ಆಧಾರ. 1855ರಲ್ಲಿ ಆ ಸಂಸ್ಥೆಯವರು ಅರ್ಧ ಬಾಟ್ಸೆನ್ ವಂತಿಗೆ ಎಂಬ ಒಂದು ಏರ್ಪಾಡನ್ನು ಮಾಡಿದರು. ಬಾಟ್ಸೆನ್ ಎಂಬುದು ನಮ್ಮ ಆಣೆಯಂತಹ ಚಿಲ್ಲರೆ ನಾಣ್ಯ. ಬಡ ಕುಟುಂಬದವರು ಸಹ ವಾರಕ್ಕೆ ಅರ್ಧ ಬಾಟ್ಸೆನ್ ತೆತ್ತು ಈ ಕೆಲಸದಲ್ಲಿ ಪಾಲುಗೊಳ್ಳಬಹುದಾಗಿತ್ತು. ಮಂಗಳೂರು, ಧಾರವಾಡ, ಕೊಡಗುಗಳ ಹೆಸರನ್ನೂ ಸರಿಯಾಗಿ ಉಚ್ಚರಿಸಲಾರದ ಒಬ್ಬ ಮುದುಕಿ, ಎಲ್ಲೋ ಒಂದು ಹಿಮದ ಹಳ್ಳಿಯಲ್ಲಿ ಕುಳಿತು ವಾರವಾರವೂ ಆ ಕಾಸನ್ನು ತೆಗೆದಿಟ್ಟಿರಬಹುದು. ಅವಳು ಕೊಟ್ಟುದು ಮತಪ್ರಚಾರಕ್ಕಾಗಿ. ಅದರಲ್ಲಿ ಮುಚ್ಚುಮರೆಯೇನೂ ಇರಲಿಲ್ಲ. ಮೋಗ್ಲಿಂಗರು ಬಂದುದೂ ಅದಕ್ಕಾಗಿಯೇ. ಈ ಮಾತನ್ನು ಬಿಟ್ಟು ಅವರನ್ನು ಬರೀ ಕನ್ನಡ ಸೇವಕರೆಂದು ಹೊಗಳುವುದು ಸತ್ಯಕ್ಕೆ ಅಪಚಾರ. ಆದರೆ ಬಂದ ಮೇಲೆ ಅವರು ಮಾಡಿದ ಕೆಲಸ ಆ ಉದ್ದೇಶದ ಅಂಗಳವನ್ನು ದಾಟಿ ಹೋಯಿತು.

ಮಂಗಳೂರಿನ ಮಿಶನ್ ಶಾಲೆಯಲ್ಲಿ ಅವರು ಪಾಠ ಹೇಳಿದರು. ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣ ಅವರ ಶಿಷ್ಯ. ಈ ತರುಣನೂ ಅವನ ಮಿತ್ರರಿಬ್ಬರೂ 1844ರ ಜನವರಿಯಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದಾಗ ಊರಿಗೆ ಊರೇ ಕಲಕಿಹೋಯಿತು. ತಂದೆತಾಯಿಗಳಿಗೆ ಆದ ಸಂಕಟವನ್ನು ನಾವು ಊಹಿಸಬಲ್ಲೆವು. ಆನಂದರಾಯರು ಬಾಸೆಲಿಗೆ ಹೋಗಿ 1846ರಿಂದ 1851ರವರೆಗೆ ಅಲ್ಲಿ ಓದಿ ಹಿಂದಿರುಗಿದರು. ಅವರ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಕೊಡಗಿನ ಕಥೆಯಲ್ಲಿ ಅವರು ಮತ್ತೆ ಬರುತ್ತಾರೆ.

1843ನೆಯ ಇಸವಿ ಜುಲೈ 1ರಂದು ಮೋಗ್ಲಿಂಗರು ಮಂಗಳೂರ ಸಮಾಚಾರವನ್ನು ಹೊರಡಿಸಿದರು. ಕನ್ನಡದ ಮೊತ್ತಮೊದಲನೆಯ ಪತ್ರಿಕೆ ಅದು. ಕರ್ಣಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುವುದು ಇದೇ ಕಾರಣದಿಂದ. ಪಕ್ಷಕ್ಕೊಂದು ಸಂಚಿಕೆ, ಬೆಲೆ ಒಂದು ದುಡ್ಡು. ಊರಿನ ವರ್ತಮಾನ, ಸರ್ಕಾರದ ನಿರೂಪಗಳು, ದೂರದೇಶಗಳ ಸುದ್ದಿ, ಕಥೆ, ಹಾಡು ಎಲ್ಲವೂ ಅದರಲ್ಲಿ ಇದ್ದುವು. ಮರುವರ್ಷ ಮುದ್ರಣ ಬಳ್ಳಾರಿಗೆ ಹೋಗಿ ಪತ್ರಿಕೆಯ ಹೆಸರು ಕನ್ನಡ ಸಮಾಚಾರವೆಂದಾಯಿತು. ಮಂಗಳೂರಿನಲ್ಲಿ ಇದ್ದುದು ಕಲ್ಲಚ್ಚು ಮಾತ್ರ, ಬಳ್ಳಾರಿಯಲ್ಲಿ ಅಚ್ಚುಮೊಳೆಗಳಿದ್ದುವು.

ಈ ಕಲ್ಲಚ್ಚಿನಿಂದಲೇ ಮೋಗ್ಲಿಂಗರ ಜೀವಮಾನದ ದೊಡ್ಡ ಕೆಲಸವೂ ನಡೆಯಿತು. ಅದನ್ನು ತುಸು ವಿಸ್ತಾರವಾಗಿ ಹೇಳಬೇಕು. ಆ ದಿನಗಳಲ್ಲಿ ಕನ್ನಡದ ಕಾವ್ಯ ಪುರಾಣಗಳು ಓಲೆಗರಿಗಳಲ್ಲಿಯೂ ಕಡತಗಳಲ್ಲಿಯೂ ಅಡಗಿದ್ದುವು. ಒಂದೊಂದು ಮಠ, ಒಂದೊಂದು ಮನೆತನ ತನ್ನ ಪ್ರತಿಯನ್ನು ಪೆಟ್ಟಿಗೆಯಲ್ಲಿಟ್ಟು ಪೂಜಿಸುತ್ತಿತ್ತೇ ಹೊರತು ನಾಲ್ಕು ಜನರ ಕೈಗೆ ಅದು ಸಿಗುತ್ತಿರಲಿಲ್ಲ. ಮೋಗ್ಲಿಂಗರು ಇಂತಹ ಪ್ರತಿಗಳನ್ನು ಸಂಗ್ರಹಿಸಿ, ಪಂಡಿತರಿಂದ ತಾಳೆ ನೋಡಿಸಿ, ಮುದ್ರಿಸಲು ಹೊರಟರು. ಅವರ ಸೋದರಸಂಬಂಧಿ ಗಾಟ್‌ಫ್ರೀಡ್ ವೈಗ್ಲೆಯವರು ಇದರಲ್ಲಿ ಜೊತೆಗಾರರು. ಕಲ್ಲಚ್ಚಿನ ಕ್ರಮ ಹೀಗೆ: ಅಂದವಾಗಿ ಬರೆಯಬಲ್ಲ ಲಿಪಿಕಾರನು ಜಿಡ್ಡಿನ ಮಸಿಯಿಂದ ಒಂದು ಬಗೆಯ ಕಾಗದದ ಮೇಲೆ ಪುಟವನ್ನು ಬರೆಯುವನು. ಅದನ್ನು ನಯಗೊಳಿಸಿದ ಸುಣ್ಣಕಲ್ಲಿನ ಹಾಸಿಗೆ ಒತ್ತಿದರೆ ಬರಹ ತಿರುಗುಮುರುಗಾಗಿ ಕಲ್ಲಿಗೆ ಇಳಿಯುವುದು. ಕಲ್ಲನ್ನು ನೀರಿನಿಂದ ತೋಯಿಸಿ ಮಸಿ ಹಚ್ಚಿದರೆ, ನೀರು ಕುಡಿದ ಭಾಗಕ್ಕೆ ಮಸಿ ಹತ್ತದು. ಜಿಡ್ಡಿನ ಅಕ್ಷರಗಳಿಗೆ ಮಾತ್ರ ಹತ್ತುವುದು. ಅದರ ಮೇಲೆ ಹಾಳೆಯಿಟ್ಟು ಒತ್ತಿದರೆ ಆ ಲಿಪಿಕಾರನ ಕೈಬರಹವೇ ನೂರಾರು ಪ್ರತಿಗಳಾಗಿ ಬರುವುದು. ಒತ್ತಕ್ಷರಗಳ ಕನ್ನಡಕ್ಕೆ ಮೊಳೆ ಎರೆಯಿಸುವ ತೊಂದರೆಯೂ ವೆಚ್ಚವೂ ಇದರಲ್ಲಿ ಇಲ್ಲ. ಕಡತ ಓದಿ ರೂಢಿಯಿದ್ದವರಿಗೆ ಈ ಪುಸ್ತಕ ಪರಕೀಯವಾಗಿ ಕಾಣುವುದೂ ಇಲ್ಲ.

ಆದರೂ ಹಣ ಬೇಕಲ್ಲ! ಮತಾಂತರಕ್ಕೆಂದು ಬಂದ ಕಾಣಿಕೆಯನ್ನು ಹರಿದಾಸರ ಹಾಡಿಗೂ ಶಿವಶರಣರ ಪುರಾಣಕ್ಕೂ ಸುರಿಯಲಾದೀತೆ? ಈ ಕಷ್ಟದಲ್ಲಿ ನೆರವಿಗೆ ಬಂದವರು ಕ್ಯಾಸಮೇಜರ್ ಎಂಬ ಆಂಗ್ಲ ಮಹಾಶಯರು. ಮದರಾಸು ಸರ್ಕಾರದಲ್ಲಿ ನ್ಯಾಯಾಧೀಶರಾಗಿದ್ದು ನಿವೃತ್ತರಾಗಿ ನೀಲಗಿರಿಯ ಕೇಟಿಯಲ್ಲಿ ನೆಲೆಸಿದ್ದ ಇವರು ಮುದ್ರಣದ ವೆಚ್ಚವನ್ನು ವಹಿಸಿಕೊಂಡರು. ಹೀಗೆ ಹೊರಬಂದುದೇ ಬಿಬ್ಲಿಯೊಥೆಕ ಕರ್ನಾಟಿಕ, ಎಂದರೆ ಕರ್ಣಾಟಕ ಗ್ರಂಥಮಾಲೆ. 1848ರಿಂದ 1853ರವರೆಗೆ ನಡೆದ ಈ ಮಾಲೆಯಲ್ಲಿ ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ಚನ್ನಬಸವಪುರಾಣ, ದಾಸರ ಪದಗಳು, ರಾವಣ ದಿಗ್ವಿಜಯವೆಂಬ ಯಕ್ಷಗಾನ ಮೊದಲಾದುವು ಬೆಳಕು ಕಂಡುವು. ಕ್ಯಾಸಮೇಜರರು 1849ರಲ್ಲಿಯೇ ತೀರಿಕೊಂಡರು. ತಮ್ಮ ಆಸ್ತಿಯನ್ನು ನೀಲಗಿರಿಯ ಬಡಗರ ನಡುವೆ ನಡೆಯುತ್ತಿದ್ದ ಮಿಶನ್ ಕೆಲಸಕ್ಕೆ ಬಿಟ್ಟುಹೋದರು. ತಮ್ಮ ಹಣದಿಂದ ಅಚ್ಚಾದ ಗ್ರಂಥಗಳನ್ನೆಲ್ಲ ನೋಡುವ ಭಾಗ್ಯ ಅವರಿಗೆ ಇರಲಿಲ್ಲ. ಇಂದು ಕನ್ನಡ ಎಂ.ಎ. ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಅವರ ಹೆಸರು ಗೊತ್ತು?

ಮೋಗ್ಲಿಂಗರು ಈ ಗ್ರಂಥಗಳನ್ನು ಮುದ್ರಿಸಿದುದು ಕನ್ನಡಿಗರ ಮನಸ್ಸನ್ನು ಅರಿತು ಅವರನ್ನು ತಮ್ಮ ಮತಕ್ಕೆ ಒಲಿಸಿಕೊಳ್ಳುವುದಕ್ಕೆಂದು ಕೆಲವರು ಹೇಳುವುದುಂಟು. ಅದು ಪೂರ್ತಿ ಸುಳ್ಳಲ್ಲ. ಆದರೆ ಮನಸ್ಸನ್ನು ಅರಿಯಲು ಹೊರಟವನು ತಾನೂ ಬದಲಾಗದೆ ಉಳಿಯುವುದು ಕಷ್ಟ. ದಾಸರ ಪದಗಳನ್ನು ಅವರು ಮುಂದೆ ಜರ್ಮನ್ ಭಾಷೆಗೆ ತರ್ಜುಮೆ ಮಾಡಿ ವಿದ್ವತ್ಪತ್ರಿಕೆಯಲ್ಲಿ ಪ್ರಕಟಿಸಿದರು. ಜರ್ಮನಿಯ ಪಂಡಿತರನ್ನು ಪುರಂದರದಾಸರ ಮತಕ್ಕೆ ಸೇರಿಸಿಕೊಳ್ಳಬೇಕೆಂದು ಯಾರೂ ಅವರಿಗೆ ಹಣ ಕೊಟ್ಟಿರಲಿಲ್ಲವಷ್ಟೆ.

1852ರ ಕೊನೆಯಲ್ಲಿ ಮೋಗ್ಲಿಂಗರು ತಾಯ್ನಾಡಿಗೆ ಹಿಂದಿರುಗಲು ಸಿದ್ಧರಾಗಿದ್ದರು. ಆಗ ಆಲ್ಮಂಡ ಸೋಮಯ್ಯ ಎಂಬ ಕೊಡವರು ಘಟ್ಟವಿಳಿದು ಮಂಗಳೂರಿಗೆ ಬಂದು ಕ್ರೈಸ್ತಮತವನ್ನು ಸೇರುವ ಇಚ್ಛೆಯನ್ನು ತಿಳಿಸಿದರು. ಮೋಗ್ಲಿಂಗರು ಪ್ರಯಾಣವನ್ನು ಕೈಬಿಟ್ಟು ಅವರೊಡನೆ ಕೊಡಗಿಗೆ ಹೊರಟರು. 1853ರ ಜನವರಿಯಲ್ಲಿ ಸೋಮಯ್ಯನವರಿಗೆ ದೀಕ್ಷೆಯಾಯಿತು. ಸ್ತೆಫಾನ ಎಂಬ ಹೆಸರು ಬಂತು. ಒಕ್ಕದವರೂ ನಾಡಿನವರೂ ಕೆರಳಿದರು. ಐನ್‌ಮನೆ, ಜಮ್ಮಾಭೂಮಿ, ಕಾರಣವರ ನೆನಪು ಇವೆಲ್ಲ ಒಂದೇ ಬೇರಿನಿಂದ ಹೊಮ್ಮಿದ ಕೊಡವರ ಬಾಳಿನಲ್ಲಿ ಒಬ್ಬನು ಮತವನ್ನು ಬಿಡುವುದೆಂದರೆ ಬರೀ ದೇವಸ್ಥಾನವನ್ನು ಬಿಡುವುದಲ್ಲ.

ಕೊಡಗಿಗೆ ಅದು ಕದಡಿದ ಕಾಲ. ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಆಂಗ್ಲರು 1834ರಲ್ಲಿ ಈ ದೇಶವನ್ನು ವಶಪಡಿಸಿಕೊಂಡು ಇಪ್ಪತ್ತು ವರ್ಷಗಳೂ ಆಗಿರಲಿಲ್ಲ. ಕಾಶಿಯಲ್ಲಿದ್ದ ರಾಜನು 1852ರಲ್ಲಿ ಮಗಳು ಗೌರಮ್ಮನೊಡನೆ ಲಂಡನ್ನಿಗೆ ಹೋಗಿದ್ದನು. ಅಲ್ಲಿ ವಿಕ್ಟೋರಿಯ ರಾಣಿಯೇ ಧರ್ಮಮಾತೆಯಾಗಿ ನಿಂತು ಆ ಹುಡುಗಿಗೆ ಕ್ರೈಸ್ತದೀಕ್ಷೆ ಕೊಡಿಸಿದ್ದಳು. ಕ್ರೈಸ್ತರು ಕೊಡಗಿಗೆ ಹೊಸಬರೇನೂ ಅಲ್ಲ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕೆಥೊಲಿಕರಿಗೆ ದೊಡ್ಡವೀರರಾಜೇಂದ್ರನು ವೀರಾಜಪೇಟೆಯಲ್ಲಿ ನೆಲೆ ಕೊಟ್ಟಿದ್ದನು. ಅಲ್ಲಿಯ ಸಂತ ಅನ್ನಮ್ಮನವರ ಇಗರ್ಜಿ 1792ರಷ್ಟು ಹಳೆಯದು. ಲಿಂಗಾಯತ ದೊರೆಯೊಬ್ಬನು ಪರಮತದವರಿಗೆ ನೆಲ ಕೊಟ್ಟ ಈ ದಾನಕ್ಕೆ ಯಾವ ವರದಿಯನ್ನೂ ಒಪ್ಪಿಸಬೇಕಾಗಿರಲಿಲ್ಲವೆಂಬುದು ಗಮನಾರ್ಹ.

ಮೋಗ್ಲಿಂಗರಿಗಾದರೋ ವರದಿಯ ತಾಪತ್ರಯ ತಪ್ಪಿರಲಿಲ್ಲ. ಕೊಡಗಿನ ಕೆಲಸವನ್ನು ಅವರು ಮೊದಲು ಬಾಸೆಲ್ ಸಂಸ್ಥೆಯ ಪರವಾಗಿ ಆರಂಭಿಸಿದವರಲ್ಲ. ತಮ್ಮ ಸ್ವಂತ ಹೊಣೆಯಲ್ಲಿ, ಭಾರತದಲ್ಲಿಯೂ ಯೂರೋಪಿನಲ್ಲಿಯೂ ಇದ್ದ ಸ್ನೇಹಿತರು ಕಳುಹಿಸಿದ ಹಣದಿಂದ ನಡೆಸಿದರು. ಬಳಿಕವೇ ಅದು ಬಾಸೆಲ್ ಮಿಶನ್ನಿನಲ್ಲಿ ಸೇರಿದುದು. ಸ್ನೇಹಿತರ ಹಣವೆಂದರೆ ಸ್ನೇಹಿತರಿಗೆ ತಿಳಿಸುತ್ತಲೂ ಇರಬೇಕು. 1855ರಲ್ಲಿ ಬೆಂಗಳೂರಿನಲ್ಲಿ ಅಚ್ಚಾದ ಕೊಡಗಿನ ವೃತ್ತಾಂತವೆಂಬ ಅವರ ಇಂಗ್ಲಿಷ್ ಪುಸ್ತಕ ಇಂತಹ ಸನ್ನಿವೇಶದಲ್ಲಿ ಹುಟ್ಟಿತು. ನಾಡಿನ ಭೂವಿವರಣೆ, ಹಾಲೇರಿ ಅರಸರ ಇತಿಹಾಸ, ಜನರ ಆಚಾರ, ಮಿಶನ್ನಿನ ಕಥೆ ಎಲ್ಲವೂ ಅದರಲ್ಲಿ ಉಂಟು. ಕೊಡಗಿನ ಚರಿತ್ರೆ ಬರೆಯುವವರು ಇಂದಿಗೂ ಅದನ್ನು ತೆರೆದು ನೋಡದೆ ಮುಂದೆ ಹೋಗಲಾರರು. ಆದರೆ ಮಂಗಳೂರಿನಲ್ಲಿ ಬಸವಪುರಾಣವನ್ನು ಅಕ್ಷರಕ್ಕೆ ಅಕ್ಷರ ತಿದ್ದಿ ಅಚ್ಚು ಹಾಕಿಸಿದ ತಾಳ್ಮೆ ಈ ಪುಸ್ತಕದಲ್ಲಿ ಕಾಣುವುದಿಲ್ಲ. ಅರಸರ ಕ್ರೌರ್ಯವನ್ನು ಅವರು ಕಡುಗಪ್ಪು ಬಣ್ಣದಲ್ಲಿ ಬರೆದರು. ಕೊಡವರ ಪಿತೃಪೂಜೆಯನ್ನು ಪಾದ್ರಿಯ ಕಣ್ಣಿನಿಂದ ನೋಡಿದರೇ ಹೊರತು ಐನ್‌ಮನೆಯ ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುದೀಪದ ಮುಂದೆ ನಿಂತವರ ಮನಸ್ಸಿನಿಂದ ನೋಡಲಿಲ್ಲ. ದೂರದ ದಾನಿಗಳಿಗೆ ಕತ್ತಲನ್ನು ತೋರಿಸಿದಷ್ಟೂ ದೀಪಕ್ಕೆ ಎಣ್ಣೆ ಹೆಚ್ಚು ಬರುವುದು ಲೋಕಾನುಭವ. ಮೋಗ್ಲಿಂಗರು ಬೇಕೆಂದು ಹಾಗೆ ಮಾಡಿದರೆಂದು ನಾನು ಹೇಳಲಾರೆ. ಆ ಒತ್ತಡಕ್ಕೆ ಅವರು ಹೊರತಾಗಿದ್ದರೆಂದೂ ಹೇಳಲಾರೆ.

ಕೊಡವರು ಅವರ ಹಿಂದೆ ಹೋಗಲಿಲ್ಲ. ಸೋಮಯ್ಯನವರ ದೀಕ್ಷೆಯಿಂದ ಹುಟ್ಟಿದ ಆಸೆ ಕೆಲವೇ ವರ್ಷಗಳಲ್ಲಿ ಬಾಡಿತು. ಕೊಡವರಿಗೆ ಬೇಕಾಗಿದ್ದುದು ವಿದ್ಯೆ. ಮುಖ್ಯವಾಗಿ ಸರ್ಕಾರದ ಕಚೇರಿಯಲ್ಲಿ ಉಪಯೋಗಕ್ಕೆ ಬರುವ ಇಂಗ್ಲಿಷ್ ವಿದ್ಯೆ. 1856ರಲ್ಲಿ ಮಡಿಕೇರಿಗೆ ಬಂದ ಗೇಯೋರ್ಗ್ ರಿಕ್ಟರರು ಆ ಅಪೇಕ್ಷೆಯನ್ನು ಅರಿತುಕೊಂಡರು. ಮಡಿಕೇರಿಯ ಶಾಲೆಯ ಮುಖ್ಯಸ್ಥರಾಗಿ, ಕೊಡಗಿನ ಶಾಲೆಗಳ ಪರೀಕ್ಷಕರಾಗಿ ಅವರು ಬಹುಕಾಲ ದುಡಿದರು; 1870ರಲ್ಲಿ ಕೊಡಗಿನ ಕೈಪಿಡಿಯನ್ನೂ ಬರೆದರು. ಮತವನ್ನು ಬೇಡವೆಂದ ಜನ ಶಾಲೆಯನ್ನು ಬೇಕೆಂದರು. ಇದರಲ್ಲಿ ಕೃತಘ್ನತೆಯೇನೂ ಇಲ್ಲ. ಕೊಡುವವನಿಗೆ ಉದ್ದೇಶವಿರುವಂತೆ ಪಡೆಯುವವನಿಗೂ ಆಯ್ಕೆ ಉಂಟು.

ಮೋಗ್ಲಿಂಗರ ಬಾಗಿಲಿಗೆ ಬಂದವರು ಬೇರೆಯೇ ಜನ. ಅಂದು ಹೊಲೆಯರೆಂದು ಕರೆಯಲ್ಪಡುತ್ತಿದ್ದ ದಲಿತ ಒಕ್ಕಲಾಳುಗಳು ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಜೀತದಲ್ಲಿದ್ದರು. ಭೂಮಿಜಮ್ಮದವರು ಎಂಬ ವರ್ಗದವರಂತೂ ಗದ್ದೆಗೆ ಅಂಟಿಕೊಂಡವರು. ಗದ್ದೆ ಯಾರದಾಯಿತೋ ಅವರೂ ಅವರ ಮಕ್ಕಳೂ ಅವರದಾಗುತ್ತಿದ್ದರು. ಗುಲಾಮಗಿರಿಯನ್ನು ಕಾನೂನು ಮಾನ್ಯ ಮಾಡುವುದಿಲ್ಲವೆಂದು ಆಂಗ್ಲ ಸರ್ಕಾರ 1843ರಲ್ಲಿಯೇ ಶಾಸನ ಮಾಡಿತ್ತು. ಆದರೆ ಗದ್ದೆಯ ಕೆಸರಿನಲ್ಲಿ ನಿಂತವನಿಗೆ ಆ ಶಾಸನವನ್ನು ಓದಿ ಹೇಳುವವರು ಯಾರು? ಹೇಳಿದರೂ ಗದ್ದೆಯನ್ನು ಬಿಟ್ಟು ಅವನು ಹೋಗುವುದೆಲ್ಲಿಗೆ? ತಲೆಯ ಮೇಲೆ ಸೂರಿಲ್ಲದವನ ಸ್ವಾತಂತ್ರ್ಯ ಮಳೆಗಾಲದ ಮೊದಲ ವಾರವನ್ನೂ ದಾಟಲಾರದು. ಅದರಲ್ಲಿಯೂ ಕೊಡಗಿನ ಮಳೆಗಾಲ!

ಮೋಗ್ಲಿಂಗರು ಇದನ್ನು ಕಂಡುಕೊಂಡರು. ಇವರಿಗೆ ಮೊದಲು ನೆಲ ಬೇಕು, ಕೂಲಿ ಬೇಕು. ಶಾಲೆ, ಪ್ರಾರ್ಥನೆಗಳು ಆ ಮೇಲೆ. ನೆಲಕ್ಕೆ ಹಣ ಕೊಟ್ಟವರು ಅವರ ಹಳೆಯ ಶಿಷ್ಯ ಆನಂದರಾವ್ ಕೌಂಡಿನ್ಯರು. ಅಮ್ಮತ್ತಿಯ ಬಳಿ ಕಾಡುನೆಲವನ್ನು ಕೊಂಡು, ಕಾಫಿ ಹಾಕಿ, ಈ ಕುಟುಂಬಗಳನ್ನು ನೆಲೆಗೊಳಿಸಿದರು. ಅವರ ಹೆಸರಿನಿಂದ ಆ ಊರು ಆನಂದಪುರವಾಯಿತು. ನಮ್ಮಲ್ಲಿ ಎಷ್ಟೋ ಜನ ಸಿದ್ದಾಪುರದ ಬಸ್ಸಿನಲ್ಲಿ ಆ ಊರನ್ನು ಹಾದುಹೋಗಿದ್ದೇವೆ. ಆನಂದವೆಂಬುದು ಇಲ್ಲಿ ಒಬ್ಬ ದಾನಿಯ ಹೆಸರೆಂಬುದು ಹೊಳೆಯುವುದಿಲ್ಲ. ಕಾಶ್ಮೀರದಿಂದ ಬಂದವರೆಂದು ಹೇಳಿಕೊಳ್ಳುವ ಸಾರಸ್ವತ ಕುಲದ ಒಬ್ಬ ಮಂಗಳೂರಿಗನು, ಸ್ವಿಟ್ಜರ್‌ಲೆಂಡಿನಲ್ಲಿ ಓದಿ ಬಂದು, ಕೊಡಗಿನ ಜೀತದಾಳುಗಳ ವಸತಿಗೆ ನೆಲ ಕೊಂಡನು. ಆ ಕಾಲದ ಮಡಿ ಮೈಲಿಗೆಗಳನ್ನು ನೆನೆದರೆ ಇದು ಸಾಮಾನ್ಯ ಸಂಗತಿಯೆನಿಸದು.

ಕಾಫಿಯನ್ನು ಆರಿಸಿಕೊಂಡುದರಲ್ಲಿಯೂ ಒಂದು ಲೆಕ್ಕಾಚಾರವಿತ್ತು. ಫೌಲರ್ ಎಂಬ ಯೂರೋಪಿಯನ್ನರು ಮಡಿಕೇರಿಯಲ್ಲಿ ಮೊದಲ ತೋಟವನ್ನು ತೆರೆದುದು 1854ರಲ್ಲಿ. ಅಲ್ಲಿಂದ ಮುಂದೆ ಕಾಡು ಕಡಿದು ಕಾಫಿ ನೆಡುವ ಭರಾಟೆ ನಡೆದಿತ್ತು. ತೋಟ ಫಲಕ್ಕೆ ಬಂದರೆ ಕುಟುಂಬಗಳಿಗೆ ಕೂಲಿ ಸಿಗುವುದು, ಊರಿನ ಖರ್ಚು ಊರಿನಿಂದಲೇ ಹೊರಡುವುದು, ದಾನಿಗಳ ಮುಂದೆ ಕೈಚಾಚುವುದು ತಪ್ಪುವುದು ಎಂಬುದು ಇಂತಹ ಏರ್ಪಾಡಿನ ಆಸೆ. ನೋಡಲು ಸೊಗಸಾದ ಯೋಜನೆ. ಆದರೆ ಕಾಫಿ ಗಿಡ ನೆಟ್ಟು ಮೂರು ನಾಲ್ಕು ವರ್ಷ ಬರೀ ಖರ್ಚು. ಕೈಗೆ ಬರುವುದೇನೂ ಇಲ್ಲ. ಪಂಡಿತರಾದ ಪಾದ್ರಿಗಳಿಗೆ ತೋಟದ ಲೆಕ್ಕ ಒಲಿಯುವುದೂ ಅಪರೂಪ. 1860ರ ದಶಕದ ಉತ್ತರಾರ್ಧದಲ್ಲಿ ಕಾಂಡಕೊರಕ ಹುಳುವಿನ ಹಾವಳಿಯಿಂದ ಕೊಡಗಿನ ತೋಟಗಳೇ ತತ್ತರಿಸಿದುವು. ಆ ವೇಳೆಗೆ ಮೋಗ್ಲಿಂಗರು ಇಲ್ಲಿ ಇರಲಿಲ್ಲ.

ವೈಗ್ಲೆಯವರು 1855ರಲ್ಲಿ ತೀರಿಕೊಂಡ ಬಳಿಕ ಮೋಗ್ಲಿಂಗರು ಅವರ ವಿಧವೆ ಪೌಲೀನೆಯವರನ್ನು ಮದುವೆಯಾಗಿದ್ದರು. ಪತ್ನಿಯ ಆರೋಗ್ಯ ಕೆಟ್ಟುದರಿಂದ 1860ರಲ್ಲಿ ಕೊಡಗನ್ನು ಬಿಟ್ಟು ಹೊರಟರು. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ಮಂಗಳೂರಿನಲ್ಲಿ ಇಳಿದವರು ಮತ್ತೆ ಈ ನಾಡನ್ನು ಕಾಣಲಿಲ್ಲ.

ಹೊರಡುವುದಕ್ಕೆ ಎರಡು ವರ್ಷ ಮುಂಚೆ, 1858ರಲ್ಲಿ, ಟ್ಯೂಬಿಂಗನ್ ವಿಶ್ವವಿದ್ಯಾನಿಲಯ ತನ್ನ ಹಳೆಯ ವಿದ್ಯಾರ್ಥಿಗೆ ಗೌರವ ಡಾಕ್ಟರೇಟ್ ಪದವಿಯನ್ನು ಇತ್ತಿತು. ಅದು ಸಂದುದು ದೀಕ್ಷೆ ಕೊಟ್ಟವರ ಸಂಖ್ಯೆಗಾಗಿ ಅಲ್ಲ. ಕಲ್ಲಚ್ಚಿನ ಆ ಕನ್ನಡ ಗ್ರಂಥಗಳಿಗಾಗಿ. ಮುಂದೆ 1896ರಲ್ಲಿ ಅದೇ ವಿಶ್ವವಿದ್ಯಾನಿಲಯ ಕನ್ನಡ ನಿಘಂಟಿಗಾಗಿ ಕಿಟ್ಟೆಲ್ಲರನ್ನೂ ಹಾಗೆಯೇ ಗೌರವಿಸಿತು. ಕಿಟ್ಟೆಲ್ಲರು ಮಡಿಕೇರಿಯಲ್ಲಿಯೂ ಇದ್ದು ದುಡಿದವರೆಂಬುದು ನಮಗೆ ಹೆಮ್ಮೆಯ ಸಂಗತಿ.

ಜರ್ಮನಿಯಲ್ಲಿ ಮೋಗ್ಲಿಂಗರು ಸುಮ್ಮನೆ ಕೂರಲಿಲ್ಲ. ದಾಸರ ಪದಗಳ ತರ್ಜುಮೆಯನ್ನು ಅಲ್ಲಿಯ ಪ್ರಾಚ್ಯ ವಿದ್ವಾಂಸರ ಪತ್ರಿಕೆಗೆ ಕಳುಹಿಸಿದರು. 1866ರಲ್ಲಿ ವೈಟ್‌ಬ್ರೆಕ್ಟ್ ಎಂಬವರೊಡನೆ ಸೇರಿ ಕೊಡಗನ್ನು ಕುರಿತು ಜರ್ಮನ್ ಭಾಷೆಯಲ್ಲಿ ಮತ್ತೊಂದು ಪುಸ್ತಕವನ್ನು ಬಾಸೆಲಿನಲ್ಲಿ ಪ್ರಕಟಿಸಿದರು. ಕೊನೆಯ ದಿನಗಳನ್ನು ಎಸ್ಲಿಂಗನ್ ಪಟ್ಟಣದಲ್ಲಿ ಕಳೆದು 1881ನೆಯ ಇಸವಿ ಮೇ 10ರಂದು, ಎಪ್ಪತ್ತು ತುಂಬಲು ಕೆಲವು ದಿನಗಳಿರುವಾಗ, ಕಾಲವಾದರು. ಮರುವರ್ಷ ಅವರ ಜೀವನಚರಿತ್ರೆ ಹೊರಬಂತು. ಬರೆದವರು ಟ್ಯೂಬಿಂಗನ್ನಿನ ಅದೇ ಗೆಳೆಯ ಗುಂಡರ್ಟರು.